ಗಿಳಿಮೀನು ತಟ್ಟೆಗೆ ಬೇಡ

ಸ್ಕೂಬಾ ಡೈವಿಂಗ್ ಅಂದ್ರೆ ಬಣ್ಣಗಳ ಲೋಕ ಅಂತ ಎಲ್ಲರೂ ಹೇಳ್ತಾರೆ. ಲಕ್ಷದ್ವೀಪದ ಕಡಮತ್‌ನಲ್ಲಿ ನೀರಿಗಿಳಿದಾಗ ನನ್ನ ಗಮನ ಸೆಳೆದದ್ದು ಮಾತ್ರ ಒಂದು ಸದ್ದು. ಯಾರೋ ಪಕ್ಕದಲ್ಲೇ ಕೂತು ಕಲ್ಲುಸಕ್ಕರೆ ಕಡೀತಿದ್ದಾರೇನೋ ಅನ್ನೋ ಹಾಗೆ, ಕಟಕ್ ಕಟಕ್!

ಅದು ಪ್ಯಾರಟ್‌ಫಿಶ್, ಅಂದರೆ ಗಿಳಿಮೀನು. ಕೊಕ್ಕಿನಂಥ ಹಲ್ಲಿನಿಂದ ಹವಳದ ಮೇಲಿನ ಪಾಚಿ ಕೆರೆದು ತಿನ್ನುತ್ತೆ. ಜೊತೆಗೆ ಹೊಟ್ಟೆ ಸೇರಿದ ಹವಳದ ಚೂರು ಪುಡಿಯಾಗಿ, ಮರಳಾಗಿ ಹೊರಬರುತ್ತೆ. ನಾವು ಬರಿಗಾಲಲ್ಲಿ ಓಡಾಡಿ ಫೋಟೊ ತೆಗೆಸಿಕೊಳ್ಳುವ ಬಿಳಿ ಮರಳಲ್ಲಿ ಈ ಮೀನಿನ ಪಾಲೂ ಇದೆ.

ಅಂದಹಾಗೆ, ಕಡಮತ್ ನಮಗೆ ತೀರಾ ಹೊರಗಿನದಲ್ಲ. 1956ರವರೆಗೆ ಅದು ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕೆನರಾ ಜಿಲ್ಲೆಗೆ ಸೇರಿತ್ತು. ಉದ್ದ ಸುಮಾರು 9 ಕಿ.ಮೀ., ಅಗಲ ಒಂದು ಕಿಲೋಮೀಟರೂ ಇಲ್ಲ. ಇಡೀ ದ್ವೀಪ ನಿಂತಿರೋದೇ ಹವಳದ ಮೇಲೆ.

ಆ ಹವಳ ಕಲ್ಲಲ್ಲ, ಪ್ರಾಣಿ. ಅದರ ಮೈಯೊಳಗೆ ಬದುಕುವ ಸೂಕ್ಷ್ಮ ಪಾಚಿಯೇ ಅದಕ್ಕೆ ಊಟ ಕೊಡೋದು, ಬಣ್ಣ ಕೊಡೋದು. ಸಮುದ್ರ ಅತಿಯಾಗಿ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತೆ. ಬಿಸಿ ತಗ್ಗದಿದ್ದರೆ ಸಾಯುತ್ತೆ. ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಹೀಗಾಯ್ತು. ಮೊದಲ ಎರಡರ ನಡುವೆ 12 ವರ್ಷ ಬಿಡುವಿತ್ತು. ಆಮೇಲೆ ಸಿಕ್ಕಿದ್ದು 6, 8 ವರ್ಷ ಅಷ್ಟೇ.

ಸತ್ತ ಹವಳದ ಮೇಲೆ ಬೇರೆ ಥರದ ಪಾಚಿ ದಟ್ಟವಾಗಿ ಹಬ್ಬಿದರೆ ಹೊಸ ಹವಳದ ಮರಿಗಳಿಗೆ ನೆಲೆಯೂರಲು ಜಾಗ ಇರಲ್ಲ. ಅದನ್ನು ಕೆರೆದು ಜಾಗ ಮಾಡಿಕೊಡೋದು ಗಿಳಿಮೀನಿನಂಥವು. ನಮ್ಮ ಆಫೀಸ್ ಭಾಷೇಲಿ ಹೇಳೋದಾದ್ರೆ, ಸರ್ವರ್ ಬಿದ್ದಾಗ ರಾತ್ರಿಯಿಡೀ ಕೂತು ಎಬ್ಬಿಸುವ ಟೀಮು.

ಈ ಟೀಮು ಉಳಿದದ್ದರಲ್ಲಿ ದ್ವೀಪದವರ ಪಾಲು ದೊಡ್ಡದು. ದಶಕಗಳಿಂದ ಅವರ ಮುಖ್ಯ ಮೀನುಗಾರಿಕೆ ತೆರೆದ ಕಡಲಲ್ಲಿ, ಗಾಳದ ಕೋಲು ಹಿಡಿದು, ಟ್ಯೂನಾಕ್ಕೆ. ಹಾಗಾಗಿ ಹವಳದ ಮೀನುಗಳ ಮೇಲೆ ಒತ್ತಡ ಕಡಿಮೆಯಿತ್ತು. ಈಗ ‘ಬಣ್ಣದ ಮೀನು ಗ್ರಿಲ್ ಮಾಡಿಕೊಡಿ’ ಅಂತ ಕೇಳುವ ನಮ್ಮಂಥ ಪ್ರವಾಸಿಗಳು ಹೆಚ್ಚಿದರೆ ಆ ಲೆಕ್ಕ ತಪ್ಪುತ್ತೆ.

ಹೋಗುವವರಿಗೆ ಮೂರೇ ಮಾತು. ಪರ್ಮಿಟ್ ಮೊದಲೇ ಮಾಡಿಸಿ. ಕೊನೇ ಡೈವ್ ಆದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಿ. ನೀರೊಳಗೆ ಹವಳ ಮುಟ್ಟಬೇಡಿ, ಅದರ ಮೇಲೆ ನಿಲ್ಲಲೇಬೇಡಿ.

ಊಟಕ್ಕೆ ಟ್ಯೂನಾ ಹೇಳಿ. ರುಚಿಗೇನೂ ಮೋಸ ಇಲ್ಲ!