ಕಂಪ್ಯೂಟರಿಗೆ ಕನ್ನಡದ ಮಕ್ಕಳು ಅಂಜಬೇಕೆ?

ಇಂದಿನ ಯುಗವು ಗಣಕಯಂತ್ರದ ಯುಗವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಜತೆಗೇ ಇನ್ನೊಂದು ಮಾತೂ ನಮ್ಮ ಕಾಸರಗೋಡಿನ ಊರುಗಳಲ್ಲಿ ಹಬ್ಬಿದೆ: "ಮಗು ಮುಂದೆ ಕಂಪ್ಯೂಟರ್ ಕಲಿಯಬೇಕಲ್ಲ, ಅದಕ್ಕಾಗಿ ಈಗಲೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು." ಒಂದೇ ಬೆಂಚಿನಲ್ಲಿ ನಮ್ಮೊಡನೆ ಕುಳಿತಿದ್ದ ಕೆಲವು ಗೆಳೆಯರು ಹೀಗೆಯೇ ನಮ್ಮನ್ನು ಬಿಟ್ಟುಹೋದರು. ಈ ಮಾತು ಸರಿಯೇ? ಕನ್ನಡ ಶಾಲೆಯಲ್ಲಿಯೇ ಪ್ರೋಗ್ರಾಮಿಂಗಿನ ಓನಾಮ ಕಲಿತ ನಾವು ಸರಿಯಲ್ಲವೆಂದೇ ಹೇಳುತ್ತೇವೆ.

ಪ್ರೋಗ್ರಾಂ ಎಂದರೇನು? ಒಂದು ಕೆಲಸವನ್ನು ಮಾಡುವ ಕ್ರಮವನ್ನು, ಸ್ವಂತ ಬುದ್ಧಿಯಿಲ್ಲದ ಯಂತ್ರವೂ ಅನುಸರಿಸುವಂತೆ, ಹಂತಹಂತವಾಗಿ ಬರೆದಿಡುವುದು. ಸುಲಿದ ಅಡಿಕೆಯ ರಾಶಿಯ ಮುಂದೆ ಕುಳಿತ ಅಜ್ಜಿಯನ್ನು ನೋಡಿ. ಒಂದು ಅಡಿಕೆ ಎತ್ತಿಕೊಳ್ಳುತ್ತಾರೆ. ಚೆನ್ನಾಗಿದ್ದರೆ ಈ ಗೋಣಿಗೆ, ಪಟೋರವಾದರೆ ಆ ಬುಟ್ಟಿಗೆ, ಅದೂ ಅಲ್ಲ, ಕರಿಗೋಟು ಎಂದಾದರೆ ಮೂಲೆಗೆ. ರಾಶಿ ಮುಗಿಯುವ ತನಕ ಇದೇ ಕೆಲಸ. 'ಹೀಗಾದರೆ', 'ಇಲ್ಲವಾದರೆ', 'ಮುಗಿಯುವ ತನಕ' - ಪ್ರೋಗ್ರಾಮಿನ ಬೆನ್ನೆಲುಬು ಇವೇ. ಅಜ್ಜಿಗೆ ಇದಕ್ಕಾಗಿ ಇಂಗ್ಲಿಷಿನ ಒಂದಕ್ಷರವೂ ಬೇಕಾಗಲಿಲ್ಲ.

ನಾವು ಕಲಿಯುತ್ತಿರುವ ಪೈಥಾನ್ ಭಾಷೆಯಲ್ಲಿ ಇಂಗ್ಲಿಷಿನಿಂದ ಪಡೆದ ಮೀಸಲು ಪದಗಳು ಸುಮಾರು 35. ಅಷ್ಟನ್ನು ಕಲಿಯಲಾರೆವೇ? ಈ ಭಾಷೆಯನ್ನು 1991ರಲ್ಲಿ ಹೊರತಂದ ಗೈಡೋ ವಾನ್ ರಾಸಮ್ ಅವರು ಡಚ್ ನುಡಿಯ ನೆದರ್ಲೆಂಡ್ಸಿನವರು. 1995ರಲ್ಲಿ ಬಂದ ರೂಬಿ ಭಾಷೆಯನ್ನು ರಚಿಸಿದವರು ಜಪಾನಿನ ಯುಕಿಹಿರೊ ಮತ್ಸುಮೊಟೊ. ಲೆಕ್ಕದ ಕ್ರಮಕ್ಕೆ ಹೇಳುವ 'ಆಲ್ಗರಿದಂ' ಎಂಬ ಪದವೂ 9ನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿ ಅವರ ಹೆಸರಿನಿಂದ ಬಂದದ್ದು. ಇನ್ನೂ ಒಂದು ಸಂತೋಷದ ವಿಷಯವಿದೆ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ, ಪ್ರೋಗ್ರಾಮಿನೊಳಗೆ ನಾವು ಇಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. 'ಮೊತ್ತ' ಎಂದು ಬರೆದರೆ ಯಂತ್ರ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ.

ಹಾಗಾದರೆ ನಮಗೆ ಕಷ್ಟವೇ ಆಗಲಿಲ್ಲವೇ? ಧಾರಾಳವಾಗಿ ಆಯಿತು! 1ರಿಂದ 10ರ ವರೆಗೆ ಮಗ್ಗಿ ಬರಲೆಂದು 'ರೇಂಜ್' ಎಂಬಲ್ಲಿ 1 ಮತ್ತು 10 ಎಂದು ಬರೆದೆವು. ಮಗ್ಗಿ 9ಕ್ಕೇ ನಿಂತಿತು. ಕೊನೆಯ ಸಂಖ್ಯೆಯನ್ನು ಅದು ಸೇರಿಸುವುದಿಲ್ಲ, 11 ಎಂದು ಬರೆಯಬೇಕು. ಎರಡು ವಿಷಯಗಳ ಅಂಕಗಳಾದ 42 ಮತ್ತು 38ನ್ನು ಕೂಡಿಸಲು ಹೇಳಿದಾಗ ಉತ್ತರ 4238 ಎಂದು ಬಂತು! ನಗುವೋ ನಗು. ಕೀಲಿಮಣೆಯಿಂದ ಕೊಟ್ಟದ್ದನ್ನು ಪೈಥಾನ್ ಬರಿಯ ಬರಹವೆಂದೇ ತಿಳಿಯುತ್ತದೆ. 'ಇದು ಸಂಖ್ಯೆ' ಎಂದು ನಾವು ಹೇಳಬೇಕಿತ್ತು. ಯಂತ್ರವು ನಾವು ಮನಸ್ಸಿನಲ್ಲಿ ಎಣಿಸಿದ್ದನ್ನು ಮಾಡುವುದಿಲ್ಲ, ಬರೆದುದನ್ನು ಮಾಡುತ್ತದೆ. ಈ ಎರಡು ತಪ್ಪುಗಳಲ್ಲಿ ಯಾವುದೂ ಇಂಗ್ಲಿಷಿನ ತಪ್ಪಾಗಿರಲಿಲ್ಲ. ಇಂಗ್ಲಿಷ್ ಮಾಧ್ಯಮದವರೂ ಇದೇ ಹೊಂಡಕ್ಕೆ ಬೀಳುತ್ತಾರೆ.

ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ತಪ್ಪಾದಾಗ ಯಂತ್ರ ಕೊಡುವ ಸೂಚನೆಗಳು ಇಂಗ್ಲಿಷಿನಲ್ಲಿವೆ, ಮುಂದಿನ ಓದಿನ ಪುಸ್ತಕಗಳೂ ಹೆಚ್ಚಾಗಿ ಅದರಲ್ಲಿಯೇ ಇವೆ. ಆದ್ದರಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಶ್ರದ್ಧೆಯಿಂದ ಕಲಿಯೋಣ. ಆದರೆ ಅದಕ್ಕಾಗಿ ಮಾಧ್ಯಮವನ್ನೇ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕ್ರಮವಾಗಿ ಆಲೋಚಿಸುವ ಶಕ್ತಿ ಮೊದಲು ಬೆಳೆಯುವುದು ಕನಸು ಕಾಣುವ ಭಾಷೆಯಲ್ಲಿ.

ಅನುಕೂಲತೆಗಳೂ ನಮಗಿವೆ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. 2018ರಲ್ಲಿ ಲಿಟ್ಲ್ ಕೈಟ್ಸ್ ಸಂಘಗಳು ಶಾಲೆಗಳಿಗೆ ಬಂದವು. ಮಾಹಿತಿ ತಂತ್ರಜ್ಞಾನದ ಪಾಠಪುಸ್ತಕ ಕನ್ನಡದಲ್ಲಿಯೂ ಅಚ್ಚಾಗಿ ಬರುತ್ತದೆ. ಪೈಥಾನಿಗೆ ಕಾಸು ಕೊಡಬೇಕಾಗಿಲ್ಲ. ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೂ ಅಭ್ಯಾಸಕ್ಕೆ ಸಾಕು.

ಕಿರಿಯ ಮಿತ್ರರೇ, ಕೀಲಿಮಣೆ ಮುಟ್ಟುವ ಮೊದಲು ಕೆಲಸದ ಕ್ರಮವನ್ನು ಕನ್ನಡದಲ್ಲಿ ಕಾಗದದ ಮೇಲೆ ಬರೆಯಿರಿ. ಪಕ್ಕದವರ ಪ್ರೋಗ್ರಾಂ ನಕಲು ಮಾಡಬೇಡಿ. ಯಂತ್ರ ಕೊಟ್ಟ ಪ್ರತಿಯೊಂದು ತಪ್ಪಿನ ಸೂಚನೆಯನ್ನೂ ಅದರ ಕನ್ನಡ ಅರ್ಥದೊಡನೆ ಪುಸ್ತಕದಲ್ಲಿ ಗುರುತು ಮಾಡಿಡಿ. ಸ್ವಲ್ಪ ದಿನಗಳಲ್ಲಿಯೇ ಬಂದವೇ ಮತ್ತೆ ಮತ್ತೆ ಬರುವುದನ್ನು ಕಾಣುವಿರಿ. ಹೆತ್ತವರಲ್ಲಿ ನಮ್ಮದು ಒಂದೇ ವಿನಂತಿ. ಸಂಜೆ ಮಗು ಮನೆಗೆ ಬಂದಾಗ, "ಇಂದು ಕಂಪ್ಯೂಟರಿನಿಂದ ಏನು ಮಾಡಿಸಿದೆ?" ಎಂದು ಕೇಳಿರಿ. ಅದು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲುದಾದರೆ ವಿಷಯ ತಿಳಿದಿದೆ ಎಂದೇ ಅರ್ಥ. ಹಾಗೆ ಕೇಳಿ ನೋಡಿದ ಮೇಲೆ ಮಾಧ್ಯಮದ ವಿಷಯವನ್ನು ತೀರ್ಮಾನಿಸಿರಿ. ನಮ್ಮ ಬೆಂಚಿನಲ್ಲಿ ಇನ್ನೂ ಸ್ಥಳವಿದೆ.