ಎಂಜಿನು ನಿಂತ ಮೇಲೆ

ಆಕಾಶದಲ್ಲಿ ಎಂಜಿನು ನಿಂತೊಡನೆ ವಿಮಾನವು ಕಲ್ಲಿನಂತೆ ಕೆಳಗೆ ಬೀಳುವುದೆಂದು ಅನೇಕರ ನಂಬಿಕೆ. ನಿಜಸ್ಥಿತಿ ಹಾಗಿಲ್ಲ. ವಿಮಾನವನ್ನು ಎತ್ತಿ ಹಿಡಿಯುವುವು ಅದರ ರೆಕ್ಕೆಗಳು. ಎಂಜಿನಿನ ಕೆಲಸ ಅದನ್ನು ಮುಂದಕ್ಕೆ ಎಳೆಯುವುದಷ್ಟೆ. ಆ ಎಳೆತ ನಿಂತಾಗ ಚಾಲಕನು ಮೂತಿಯನ್ನು ತುಸು ಕೆಳಕ್ಕೆ ಬಾಗಿಸಿದರೆ, ಇಳಿಜಾರಿನಲ್ಲಿ ತುಳಿಯದೆಯೇ ಓಡುವ ಸೈಕಲ್ಲಿನಂತೆ ವಿಮಾನವೂ ಗಾಳಿಯ ಮೇಲೆ ಜಾರುತ್ತ ಸಾಗುತ್ತದೆ. ವಿಮಾನಚಾಲನೆಯ ಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೆಸ್ನಾ 172, ಗಾಳಿ ಬೀಸದಿರುವಾಗ, ಸಾವಿರ ಅಡಿ ಎತ್ತರದಿಂದ ಸುಮಾರು ಒಂದೂವರೆ ಮೈಲಿ ಹೀಗೆ ಜಾರಬಲ್ಲದು.

ಹಾಗಾದರೆ ಅಪಾಯವೆಲ್ಲಿ? ನೆಲ ಬಿಟ್ಟ ಮೊದಲ ಕ್ಷಣಗಳಲ್ಲಿ. ಐನೂರು ಅಡಿ ಎತ್ತರದಲ್ಲಿ ಎಂಜಿನು ಕೈಕೊಟ್ಟರೆ ಚಾಲಕನಿಗೆ ಉಳಿಯುವ ವೇಳೆ ಮುಕ್ಕಾಲು ನಿಮಿಷವೂ ಅಲ್ಲ. ಈಗತಾನೆ ಬಿಟ್ಟುಬಂದ ರನ್‌ವೇ ಬೆನ್ನ ಹಿಂದೆಯೇ ಇದೆ. ಅಲ್ಲಿಗೇ ಹಿಂದಿರುಗಬೇಕೆಂಬ ಆಸೆ ಸಹಜ. ಆ ಆಸೆಯೇ ಅನೇಕರಿಗೆ ಮೃತ್ಯುವಾಗಿದೆ. ತಿರುಗಬೇಕಾದರೆ ವಿಮಾನ ಒಂದು ಪಕ್ಕಕ್ಕೆ ವಾಲಬೇಕು. ವಾಲಿದಷ್ಟೂ ಅದನ್ನು ಹೊರಲು ರೆಕ್ಕೆಗಳಿಗೆ ಹೆಚ್ಚು ವೇಗ ಬೇಕು. 45 ಡಿಗ್ರಿ ವಾಲಿದಾಗ ಅಗತ್ಯವಾದ ಕನಿಷ್ಠ ವೇಗವು ಸುಮಾರು ಶೇಕಡ 19ರಷ್ಟು ಏರುತ್ತದೆ. ವೇಗ ಅದಕ್ಕಿಂತ ಕುಗ್ಗಿತೋ, ರೆಕ್ಕೆಯ ಮೇಲಿನ ಗಾಳಿಯ ಹರಿವು ಕದಡಿಹೋಗುತ್ತದೆ. ಆಗ ವಿಮಾನವು ಕಲ್ಲೇ ಸರಿ. ಆದಕಾರಣ, ಎತ್ತರ ಸಾಲದಿದ್ದಲ್ಲಿ ಹಿಂದಿರುಗದೆ, ಎದುರಿಗಿರುವ ಬಯಲನ್ನೇ ಆರಿಸಿಕೊಳ್ಳಬೇಕೆಂಬುದು ಚಾಲಕರಿಗೆ ಕಲಿಸುವ ಮುಖ್ಯ ಪಾಠ.

2015ರ ಮಾರ್ಚ್ 5ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ಪಾಠಕ್ಕೆ ನಿದರ್ಶನವೊಂದು ದೊರೆಯಿತು. 'ಸ್ಟಾರ್ ವಾರ್ಸ್' ಚಿತ್ರಗಳಲ್ಲಿ ವ್ಯೋಮನೌಕೆಯನ್ನು ನಡೆಸಿ ಲೋಕಪ್ರಸಿದ್ಧರಾದ ನಟ ಹ್ಯಾರಿಸನ್ ಫೋರ್ಡ್ ನಿಜಜೀವನದಲ್ಲಿಯೂ ವಿಮಾನಚಾಲಕರು. 72 ವರ್ಷದ ಅವರು ಅಂದು ಸಾಂಟಾ ಮೋನಿಕಾ ನಿಲ್ದಾಣದಿಂದ ಒಬ್ಬರೇ ಹೊರಟರು. ಅವರ ವಿಮಾನ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕ ಚಾಲಕರ ತರಬೇತಿಗೆಂದು ನಿರ್ಮಿತವಾದ ರಯಾನ್ ಪಿಟಿ-22. ಮೇಲೇರುತ್ತಿದ್ದಂತೆಯೇ ಎಂಜಿನು ಶಕ್ತಿಗುಂದಿತು. ಅವರೂ ಮೊದಲು ನಿಲ್ದಾಣದತ್ತಲೇ ತಿರುಗಿದರು. ಆದರೆ ರನ್‌ವೇ ಎಟುಕದೆಂಬುದು ಅರಿವಾದೊಡನೆ ಆ ಆಸೆಯನ್ನು ತೊರೆದು, ಪಕ್ಕದ ಗಾಲ್ಫ್ ಮೈದಾನವನ್ನು ಗುರಿಮಾಡಿಕೊಂಡರು. ಎತ್ತರದ ಮರವೊಂದರ ತುದಿಗೆ ತಗಲಿ ವಿಮಾನ ನೆಲಕ್ಕಪ್ಪಳಿಸಿತು. ಫೋರ್ಡ್ ತೀವ್ರವಾಗಿ ಗಾಯಗೊಂಡರು, ಆದರೆ ಬದುಕಿದರು. ಮೈದಾನದಲ್ಲಿದ್ದ ಯಾರಿಗೂ ಪೆಟ್ಟಾಗಲಿಲ್ಲ.

ಎಂಜಿನು ಸೋತುದೇಕೆ? ಅಮೆರಿಕದ ತನಿಖಾಧಿಕಾರಿಗಳು ಕಾರ್ಬುರೇಟರನ್ನು ಬಿಚ್ಚಿ ನೋಡಿದರು. ಪೆಟ್ರೋಲನ್ನು ಅಳೆದು ಬಿಡುವ ಪುಟ್ಟ ಜೆಟ್ಟೊಂದು ಕಾಲಕ್ರಮದಲ್ಲಿ ಸಡಿಲಗೊಂಡು ತನ್ನ ಸ್ಥಾನದಿಂದ ಕದಲಿತ್ತು. ಪೆಟ್ರೋಲು ಮಿತಿಮೀರಿ ಹರಿದು, ಗಾಳಿಯೊಡನೆ ಅದರ ಹದ ಕೆಟ್ಟಿತ್ತು. ಆ ಕಾರ್ಬುರೇಟರನ್ನು ಪುನಃ ಜೋಡಿಸಿ ಸುಮಾರು 17 ವರ್ಷಗಳಾಗಿದ್ದವು. ಜೆಟ್ಟುಗಳ ಪಾಲನೆಯನ್ನು ಕುರಿತ ಸೂಚನೆ ನಿರ್ವಹಣೆಯ ಕೈಪಿಡಿಯಲ್ಲಿರಲಿಲ್ಲ.

ಕಣ್ಣಿಗೆ ಕಾಣದ ಇಂಥ ತಿರುಪು ಎಂದು ಸಡಿಲವಾದೀತೆಂದು ಹಾರುವವನು ಬಲ್ಲನೆ? ಅದಕ್ಕಾಗಿಯೇ ಶಿಕ್ಷಕನು ಪಾಠದ ನಡುವೆ, ಮುನ್ಸೂಚನೆಯಿಲ್ಲದೆ, ಎಂಜಿನಿನ ಬಲವನ್ನು ತಗ್ಗಿಸಿ, "ಈಗ ಎಲ್ಲಿ ಇಳಿಯುವೆ?" ಎಂದು ಕೇಳುತ್ತಾನೆ. ಉತ್ತರವನ್ನು ನೆಲ ಬಿಡುವ ಮೊದಲೇ ಯೋಚಿಸಿಟ್ಟುಕೊಂಡ ಶಿಷ್ಯನಿಗೆ ಆ ಮುಕ್ಕಾಲು ನಿಮಿಷವೂ ಸಾಕಾದೀತು.