‘ಒಂದೇ ಹನಿ ರಕ್ತ ಸಾಕು’ ಅನ್ನೋರಿಗೆ ಒಂದು ಲೆಕ್ಕ

ಭಾಗ 1

ಬೆರಳು ಚುಚ್ಚಿ, ಒಂದು ಹನಿ ರಕ್ತ ಪುಟ್ಟ ಚಿಪ್ ಮೇಲೆ ಹಾಕಿದ್ರೆ ಬ್ಯಾಕ್ಟೀರಿಯಾ ಇದೆಯೋ ಇಲ್ವೋ ಐದೇ ನಿಮಿಷದಲ್ಲಿ ಗೊತ್ತಾಗುತ್ತಂತೆ! ಇಂಥ ರೀಲ್ಸ್‌ಗೆ ಲೈಕ್ ಒತ್ತೋ ಮುಂಚೆ ಸ್ವಲ್ಪ ನಿಲ್ಲಿ. ನಾನು ಬಿಕಾಂ, ಬಯಾಲಜಿ ನನ್ನ ಸಬ್ಜೆಕ್ಟ್ ಅಲ್ಲ. ಇಲ್ಲಿ ಬೇಕಿರೋದು ಭಾಗಾಕಾರ ಅಷ್ಟೇ.

ಸೆಪ್ಸಿಸ್, ಅಂದ್ರೆ ಸೋಂಕು ಮೈಯೆಲ್ಲ ಕೆಡಿಸೋ ಸ್ಥಿತಿ. ಆಗಲೂ ದೊಡ್ಡವರ ಒಂದು ಮಿಲಿ ರಕ್ತದಲ್ಲಿ ಎಷ್ಟೋ ಸಲ 10 ಬ್ಯಾಕ್ಟೀರಿಯಾನೂ ಇರಲ್ಲ. 10 ಅಂತಲೇ ಇಟ್ಕೊಳ್ಳಿ. ಮಿಲಿಗೆ ಸುಮಾರು 20 ಹನಿ. ಹನಿಗೆ ಅರ್ಧ ಬ್ಯಾಕ್ಟೀರಿಯಾ! ಅದೇ ಹನಿಯಲ್ಲಿ ಕೆಂಪು ರಕ್ತಕಣ ಸುಮಾರು 25 ಕೋಟಿ. ಚಿಪ್ ಎಷ್ಟೇ ಜಾಣ ಆಗಿರ್ಲಿ, ಹನಿಯಲ್ಲಿ ಇಲ್ಲದ್ದನ್ನ ಎಲ್ಲಿಂದ ತರುತ್ತೆ? ಬ್ಲಡ್ ಕಲ್ಚರ್‌ಗೆ ಒಂದೊಂದು ಬಾಟಲಿಗೆ 8-10 ಮಿಲಿ ತಗೊಳ್ಳೋದು ಇದಕ್ಕೇ.

ಭಾಗ 2

ಹಾಗಂತ ಚಿಪ್ಪೇ ಸುಳ್ಳು ಅಂತಲ್ಲ. ಐಡಿಯಾ ನಿಜಕ್ಕೂ ಚೆಂದ. ಮಿಲಿಮೀಟರ್‌ಗಿಂತ ಕಿರಿದಾದ ಸುರುಳಿ ಕಾಲುವೆಯಲ್ಲಿ ರಕ್ತ ಜೋರಾಗಿ ಓಡಿದಾಗ 7-8 ಮೈಕ್ರಾನ್‌ನ ಕೆಂಪುಕಣಗಳು ಒಳಗೋಡೆ ಕಡೆ ಸರಿದು ಸಾಲು ಕಟ್ಟುತ್ತವೆ. ಒಂದು ಮೈಕ್ರಾನ್ ಆಸುಪಾಸಿನ ಬ್ಯಾಕ್ಟೀರಿಯಾ ಆ ಸಾಲಿಗೆ ಸಿಗದೆ ಬೇರೆ ದಾರಿಯಲ್ಲಿ ಆಚೆ ಬರುತ್ತೆ. (2-3 ಮೈಕ್ರಾನ್‌ನ ಪ್ಲೇಟ್‌ಲೆಟ್‌ಗಳೂ ಜೊತೆಗೆ ನುಸುಳ್ತವೆ, ಅದು ಬೇರೆ ತಲೆನೋವು.)

ಆದ್ರೆ ರಕ್ತದಲ್ಲಿ 40-45% ಕಣಗಳೇ. ಹಾಗೇ ಬಿಟ್ರೆ ಒಂದಕ್ಕೊಂದು ಗುದ್ದಾಡಿ ಸಾಲು ಕೆಡುತ್ತೆ, ಅದಕ್ಕೆ ದ್ರವ ಬೆರೆಸಿ ತೆಳು ಮಾಡ್ತಾರೆ. 10 ಮಿಲಿ ಹತ್ತುಪಟ್ಟು ತೆಳುವಾದ್ರೆ 100 ಮಿಲಿ. ಚಿಪ್ ನಿಮಿಷಕ್ಕೆ 0.01 ಮಿಲಿ ಮಾತ್ರ ಓಡಿಸಿದ್ರೆ? 10,000 ನಿಮಿಷ. ಹತ್ತಿರ ಹತ್ತಿರ ಏಳು ದಿನ ಗುರು! ಅಷ್ಟರಲ್ಲಿ ಕಲ್ಚರ್ ರಿಪೋರ್ಟೇ ಬಂದಿರುತ್ತೆ. ನಿಮಿಷಕ್ಕೆ ಒಂದು ಮಿಲಿ ಓಡಿಸಿದ್ರೆ 100 ನಿಮಿಷ. ಡಿಸೈನ್ ಮಾಡೋರು ಬೆವರು ಸುರಿಸ್ಬೇಕಾದ್ದು ಇಲ್ಲಿ, ಹನಿ ಚಿಕ್ಕದು ಮಾಡೋದ್ರಲ್ಲಲ್ಲ.

ಭಾಗ 3

ಸಿಟ್ಟು ಯಾಕೆ ಅಂದ್ರೆ, 2017ರಲ್ಲಿ ಪ್ರಪಂಚದಲ್ಲಿ ಸೆಪ್ಸಿಸ್‌ಗೆ ಸಂಬಂಧಿಸಿದ ಸಾವು 1.1 ಕೋಟಿ ಅಂತ ಅಂದಾಜು. ರಿಪೋರ್ಟ್‌ಗೆ ಕಾಯೋಕಾಗಲ್ಲ, ಡಾಕ್ಟರ್ ಊಹೆ ಮೇಲೇ ಆಂಟಿಬಯೋಟಿಕ್ ಶುರು ಮಾಡ್ಬೇಕು. ಆ ಊಹೆಯ ಹೊತ್ತನ್ನ ಕಮ್ಮಿ ಮಾಡೋ ಚಿಪ್ ಬೇಕೇ ಬೇಕು. ಪೊಳ್ಳು ಮಾತಿಗೆ ದುಡ್ಡು ಹರಿದಷ್ಟೂ ಅದು ತಡ ಆಗುತ್ತೆ. ಅಮೆರಿಕದ ಥೆರಾನೋಸ್ ಮಾರಿದ್ದೂ ಇದೇ ಬೆರಳು ಚುಚ್ಚೋ ಕನಸು. 2018ರಲ್ಲಿ ಕಂಪನಿ ಮುಚ್ತು, 2022ರಲ್ಲಿ ಸ್ಥಾಪಕಿ ಎಲಿಜಬೆತ್ ಹೋಮ್ಸ್ ಹೂಡಿಕೆದಾರರಿಗೆ ಮೋಸ ಮಾಡಿದ್ದು ಕೋರ್ಟಲ್ಲಿ ಸಾಬೀತಾಯ್ತು.

ಇನ್ನು ‘ಚಿಪ್ ಅಗ್ಗ’ ಅನ್ನೋ ಮಾತು. ಪಂಪು, ಮೈಕ್ರೋಸ್ಕೋಪು, ನಡೆಸೋರ ಸಂಬಳ ಯಾವ ಖಾತೆಗೆ ಹೋಯ್ತು? ಫಿಕ್ಸೆಡ್ ಕಾಸ್ಟ್ ಬಿಟ್ಟು ಉತ್ತರ ಬರೆದ್ರೆ ನಮ್ಮ ಕಾಸ್ಟಿಂಗ್ ಪೇಪರಲ್ಲೂ ಮಾರ್ಕ್ಸ್ ಬೀಳಲ್ಲ.

ಮುಂದಿನ ಸಲ ಅಂಥ ರೀಲ್ ಬಂದ್ರೆ ಕಾಮೆಂಟಲ್ಲಿ ಕೇಳಿ: ಎಷ್ಟು ಮಿಲಿ ರಕ್ತ? ಎಷ್ಟು ನಿಮಿಷ? ಮಿಲಿಗೆ 10 ಬ್ಯಾಕ್ಟೀರಿಯಾ ಇದ್ದಾಗ ಎಷ್ಟು ಸಿಕ್ತು? ಲಕ್ಷಗಟ್ಟಲೆ ಬೆರೆಸಿ ಹಿಡಿದು ತೋರಿಸಿದ ವಿಡಿಯೋ ಆದ್ರೆ ನನಗೂ ಟ್ಯಾಗ್ ಮಾಡಿ.